ಮಳೆಯ ಜಮಾ-ಖರ್ಚು
ನೀರಿನ ಚಕ್ರವೂ ನಮ್ಮ ಸೀಮೆಯ ವಾಯುಗುಣವೂ

(ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮ ಪ್ರಮುಖರಿಗೂ)

1. ಪೀಠಿಕೆ

ಬೇಸಾಯಗಾರನು ಬಿತ್ತುವ ಬೀಜವನ್ನು ಅಳೆದು ಬಿತ್ತುವನು. ಹಾಕುವ ಗೊಬ್ಬರವನ್ನು ಗಾಡಿಯ ಲೆಕ್ಕದಲ್ಲಿ ಎಣಿಸುವನು. ಕೊಟ್ಟ ಕೂಲಿಯನ್ನೂ ತೆತ್ತ ಬಡ್ಡಿಯನ್ನೂ ನೆನಪಿನಲ್ಲಿಡುವನು. ಆದರೆ ಇವೆಲ್ಲಕ್ಕಿಂತಲೂ ಹೆಚ್ಚು ಬೆಲೆಯುಳ್ಳ ನೀರಿಗೆ ಲೆಕ್ಕವಿಡುವವರು ವಿರಳ. ಮಳೆ ಬಂದರೆ ದೈವಕೃಪೆ, ಬಾರದಿದ್ದರೆ ಗ್ರಹಚಾರ ಎಂದು ಸುಮ್ಮನಾಗುವುದು ವಾಡಿಕೆಯಾಗಿದೆ. ಮಳೆಯನ್ನು ತರಿಸುವುದು ಮನುಷ್ಯನ ಕೈಯಲ್ಲಿಲ್ಲವೆಂಬುದು ನಿಜ. ಆದರೆ ಬಂದ ಮಳೆಯು ಎಲ್ಲಿಂದ ಬಂದಿತು, ಎಷ್ಟು ಬಂದಿತು, ಬಂದುದು ಎಲ್ಲಿಗೆ ಹೋಯಿತು ಎಂಬುದನ್ನು ತಿಳಿದು, ಅದನ್ನು ಕೆಲವು ದಿನಗಳಾದರೂ ನಮ್ಮ ನೆಲದಲ್ಲಿ ನಿಲ್ಲಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಕೊಡುವುದೇ ಈ ಕರಪತ್ರದ ಉದ್ದೇಶ.

ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಈ ದಿನ ಬಿಸಿಲೋ ಮೋಡವೋ, ಗಾಳಿಯೋ ಮಳೆಯೋ ಎಂಬುದು ಹವೆ. ಅನೇಕ ವರ್ಷಗಳ ಹವೆಯನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಸೀಮೆಗೆ ಕಂಡುಬರುವ ಸ್ವಭಾವವು ವಾಯುಗುಣ. ಹವೆಯು ದಿನವಹಿಯಂತೆ, ವಾಯುಗುಣವು ಅನೇಕ ವರ್ಷಗಳ ಖಾತೆಯಂತೆ. ಎರಡನ್ನೂ ರೂಪಿಸತಕ್ಕದ್ದು ಸೂರ್ಯನ ಶಾಖ ಮತ್ತು ನೀರಿನ ಸಂಚಾರ.

2. ನೀರಿನ ಚಕ್ರವೆಂದರೇನು?

ಭೂಮಿಯ ಮೇಲಿರುವ ನೀರಿನಲ್ಲಿ ನೂರಕ್ಕೆ ಸುಮಾರು 97 ಪಾಲು ಸಮುದ್ರದ ಉಪ್ಪುನೀರು. ಉಳಿದುದರಲ್ಲಿಯೂ ಬಹುಭಾಗವು ಹಿಮವಾಗಿಯೂ ಭೂಮಿಯ ಆಳದಲ್ಲಿಯೂ ಇದೆ. ಸೂರ್ಯನ ಶಾಖದಿಂದ ಸಮುದ್ರದ ನೀರು ಉಪ್ಪನ್ನು ಹಿಂದೆ ಬಿಟ್ಟು ಆವಿಯಾಗಿ ಮೇಲೇಳುವುದು. ಕೆರೆಕುಂಟೆಗಳಿಂದಲೂ ಒದ್ದೆಯಾದ ನೆಲದಿಂದಲೂ ಗಿಡಮರಗಳ ಎಲೆಗಳಿಂದಲೂ ಆವಿಯು ಹೊರಡುವುದು. ಒಗೆದು ಹರವಿದ ಪಂಚೆಯು ಒಣಗಿದಾಗ ಅದರಲ್ಲಿದ್ದ ನೀರು ನಾಶವಾಗಲಿಲ್ಲ. ಕಣ್ಣಿಗೆ ಕಾಣದ ಆವಿಯಾಗಿ ಗಾಳಿಯಲ್ಲಿ ಸೇರಿಕೊಂಡಿತು.

ಬಿಸಿಯಾದ ಗಾಳಿಯು ಹೆಚ್ಚು ಆವಿಯನ್ನು ಹೊರಬಲ್ಲದು. ತಣ್ಣಗಾದ ಗಾಳಿಗೆ ಆ ಶಕ್ತಿ ಕಡಮೆ. ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬಿನ ಹೊರಮೈಯಲ್ಲಿ ಹನಿಗೂಡುವುದನ್ನು ಎಲ್ಲರೂ ನೋಡಿರುವರು. ಆ ಹನಿಗಳು ಚೊಂಬಿನ ಒಳಗಿನಿಂದ ಒಸರಿದುವಲ್ಲ. ಸುತ್ತಲಿನ ಗಾಳಿಯು ಚೊಂಬನ್ನು ಸೋಕಿ ತಣ್ಣಗಾಗಿ, ತಾನು ಹೊರಲಾರದ ಆವಿಯನ್ನು ಅಲ್ಲಿ ಇಳಿಸಿದುದು. ಆಕಾಶದಲ್ಲಿ ನಡೆಯುವುದೂ ಇದೇ ಕೆಲಸ. ಗಾಳಿಯು ಮೇಲೇರಿದಂತೆಲ್ಲ ತಣ್ಣಗಾಗುವುದು. ಒಂದು ಕಿಲೋಮೀಟರು ಏರಿದರೆ ಒಣಗಾಳಿಯು ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ತಣಿಯುವುದು. ಆಗ ಅದರಲ್ಲಿದ್ದ ಆವಿಯು ಧೂಳಿನ ಸಣ್ಣ ಕಣಗಳ ಸುತ್ತ ಹನಿಗಟ್ಟಿ ಮೋಡವಾಗುವುದು. ಹನಿಗಳು ಕೂಡಿ ದೊಡ್ಡವಾದರೆ ಮಳೆಯಾಗಿ ಬೀಳುವುವು. ಬಿದ್ದ ನೀರು ಹಳ್ಳ, ಕೆರೆ, ನದಿಗಳ ಮೂಲಕವಾಗಲಿ ಮರಳಿ ಆವಿಯಾಗಿಯಾಗಲಿ ಸಮುದ್ರದ ಕಡೆಗೆ ತಿರುಗುವುದು. ಇದೇ ನೀರಿನ ಚಕ್ರ. ಒಂದು ಹನಿ ಆವಿಯು ಆಕಾಶದಲ್ಲಿ ಸರಾಸರಿ ಒಂಬತ್ತು ಹತ್ತು ದಿನಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಆದುದರಿಂದ ಆಕಾಶವು ನೀರಿನ ಕಣಜವಲ್ಲ, ದಾರಿ ಮಾತ್ರ. ಕಣಜವಾಗಬೇಕಾದುದು ನಮ್ಮ ಮಣ್ಣು.

ಈ ಚಕ್ರವು ನೀರನ್ನು ಮಾತ್ರವಲ್ಲದೆ ಶಾಖವನ್ನೂ ಹೊತ್ತು ತಿರುಗುವುದು. ಒಂದು ಪಾತ್ರೆಯ ನೀರನ್ನು ಕುದಿ ಬರುವವರೆಗೆ ಕಾಯಿಸಲು ಎಷ್ಟು ಶಾಖ ಬೇಕೋ ಅದರ ಸುಮಾರು ಏಳರಷ್ಟು ಶಾಖವು ಆ ಕುದಿನೀರನ್ನೆಲ್ಲ ಆವಿಮಾಡಿ ಮುಗಿಸಲು ಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು, ತೇವವುಳ್ಳ ತೋಟದಲ್ಲಿ ತಂಪಾಗಿರುವುದು, ಒಣಗಿದ ಬಯಲು ಕಾದು ಉರಿಯುವುದು, ಇವೆಲ್ಲಕ್ಕೂ ಕಾರಣ ಇದೇ: ನೀರಿರುವ ಕಡೆ ಬಿಸಿಲಿನ ಶಾಖವು ಆವಿಮಾಡುವ ಕೆಲಸದಲ್ಲಿ ವೆಚ್ಚವಾಗುವುದು, ನೀರಿಲ್ಲದ ಕಡೆ ನೆಲವನ್ನೇ ಕಾಯಿಸುವುದು. ಆವಿಯು ಮತ್ತೆ ಹನಿಯಾಗುವಾಗ ಆ ಶಾಖವೆಲ್ಲ ಮೇಲಿನ ಗಾಳಿಗೆ ಬಿಡುಗಡೆಯಾಗುವುದು. ಗುಡುಗುಮಳೆಗೂ ಚಂಡಮಾರುತಕ್ಕೂ ಬಲ ಬರುವುದು ಇದರಿಂದಲೇ.

3. ನಮ್ಮ ಸೀಮೆಯ ನೆಲೆ

ಈ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು, ಎಂದರೆ ಸುಮಾರು 3,000 ಅಡಿ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಪಡುವಣ ಕಡಲೂ ಮೂಡಣ ಕಡಲೂ ಹೆಚ್ಚು ಕಡಮೆ ಸಮದೂರದಲ್ಲಿ, ಸುಮಾರು 300 ಕಿಲೋಮೀಟರು ಆಚೆಗಿವೆ. ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿ ಸಹ್ಯಾದ್ರಿಯು ಗೋಡೆಯಂತೆ ನಿಂತಿದೆ. ಉತ್ತರದ ಅಂಚಿನಲ್ಲಿ 1,478 ಮೀಟರು ಎತ್ತರದ ನಂದಿಬೆಟ್ಟವೂ ಪಶ್ಚಿಮದ ಅಂಚಿನಲ್ಲಿ ಶಿವಗಂಗೆಯೂ ಇವೆ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಅರ್ಕಾವತಿಯು ದೊಡ್ಡಬಳ್ಳಾಪುರದ ಮೇಲೆ ಹರಿದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ದಾಟಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ಶಿವಗಂಗೆಯಲ್ಲಿ ಹುಟ್ಟಿದ ಕುಮುದ್ವತಿಯು ನೆಲಮಂಗಲದ ಸೀಮೆಯಿಂದ ಇಳಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುವುದು. ನಂದಿಯ ಸೀಮೆಯಲ್ಲಿಯೇ ಹುಟ್ಟಿದ ದಕ್ಷಿಣ ಪಿನಾಕಿನಿಯು ದೇವನಹಳ್ಳಿ, ಹೊಸಕೋಟೆಗಳ ಕಡೆಯಿಂದ ತಮಿಳುನಾಡಿಗೆ ಇಳಿಯುವುದು. ಇವೆಲ್ಲದರ ನೀರೂ ಕೊನೆಗೆ ಬಂಗಾಳಕೊಲ್ಲಿಗೆ ಸೇರತಕ್ಕದ್ದು. ಹೀಗೆ ಪಡುವಣ ಕಡಲಿನಿಂದ ಎದ್ದ ಆವಿಯು ನಮ್ಮ ಹೊಲಗಳ ಮೇಲೆ ಮಳೆಯಾಗಿ ಬಿದ್ದು ಮೂಡಣ ಕಡಲಿಗೆ ಇಳಿದುಹೋಗುವುದು. ನಮ್ಮ ಸೀಮೆಗೆ ಮೇಲಿನಿಂದ ನೀರು ತರುವ ಹೊಳೆ ಯಾವುದೂ ಇಲ್ಲ. ನಾವು ನದಿಗಳ ತಲೆಯಲ್ಲಿರುವವರು. ಸ್ವಭಾವತಃ ನಮಗೆ ಬರುವ ಹುಟ್ಟುವಳಿಯೆಂದರೆ ಆಕಾಶದಿಂದ ಬೀಳುವ ಮಳೆಯೊಂದೇ.

4. ವರ್ಷದ ನಾಲ್ಕು ಕಾಲಗಳು

(ಅ) ಬೇಸಗೆಯ ಗುಡುಗುಮಳೆ. ಮಾರ್ಚಿಯಿಂದ ಮೇ ತಿಂಗಳವರೆಗೆ ನೆಲವು ಕಾಯುವುದು. 2016ನೇ ಇಸವಿ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಶಾಖವು ದಾಖಲಾಯಿತು. ಕಾದ ನೆಲದ ಮೇಲಿನ ಗಾಳಿಯು ಮಧ್ಯಾಹ್ನದ ಹೊತ್ತಿಗೆ ರಭಸದಿಂದ ಮೇಲೇರುವುದು. ಸಮುದ್ರದ ಕಡೆಯಿಂದ ಬಂದ ತೇವದ ಗಾಳಿಯು ಅದರೊಡನೆ ಸೇರಿದರೆ ಸಂಜೆಯ ಹೊತ್ತಿಗೆ ಬೆಟ್ಟದಂತಹ ಮೋಡಗಳು ಕಟ್ಟಿ ಗುಡುಗು ಮಿಂಚುಗಳೊಡನೆ ಮಳೆಯಾಗುವುದು. ಮೋಡವು ಬಹಳ ಎತ್ತರಕ್ಕೆ ಬೆಳೆದಾಗ ಹನಿಗಳು ಹೆಪ್ಪುಗಟ್ಟಿ ಆಲಿಕಲ್ಲುಗಳಾಗಿ ಬೀಳುವುವು. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ದ್ರಾಕ್ಷಿ ತೋಟದವರಿಗೆ ಇದರ ಹಾವಳಿಯನ್ನು ಹೇಳಬೇಕಾಗಿಲ್ಲ. ಈ ಮಳೆಯು ಒಂದು ಊರಿಗೆ ಬಿದ್ದು ಪಕ್ಕದ ಊರಿಗೆ ಬೀಳದಿರುವುದೂ ಉಂಟು. ಏಕೆಂದರೆ ಒಂದೊಂದು ಮೋಡವೂ ತಾನು ಎದ್ದ ಸ್ಥಳಕ್ಕೆ ಮಾತ್ರ ಸಂಬಂಧಪಟ್ಟುದು. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಎಂಬ ಗಾದೆಯು ಈ ಕಾಲಕ್ಕೆ ಸೇರಿದುದು. ಈ ಮಳೆಯಿಂದ ನೆಲವು ಹದವಾಗಿ, ಮಾಗಿ ಉಳುಮೆಯಾದ ಹೊಲವು ಅದನ್ನು ಕುಡಿದು ಮುಂದಿನ ಬಿತ್ತನೆಗೆ ಸಿದ್ಧವಾಗುವುದು.

(ಆ) ಆಷಾಢದ ಗಾಳಿ. ಜೂನ್ ತಿಂಗಳ ಮೊದಲಲ್ಲಿ ನೈರುತ್ಯದ ಮುಂಗಾರು ನಮ್ಮ ಸೀಮೆಯನ್ನು ಮುಟ್ಟುವುದು. ಆಗ ಜೂನ್, ಜುಲೈ ತಿಂಗಳುಗಳಲ್ಲಿ ಪಶ್ಚಿಮದಿಂದ ಬಿರುಗಾಳಿ ಬೀಸುವುದು. ಮೋಡಗಳು ಗುಂಪುಗುಂಪಾಗಿ ತಲೆಯ ಮೇಲೆ ಓಡುವುವು. ಆದರೂ ಬೀಳುವುದು ತುಂತುರು ಮಾತ್ರ. ಇಷ್ಟು ಮೋಡವಿದ್ದೂ ಮಳೆಯೇಕಿಲ್ಲವೆಂದು ಅನೇಕರು ಕೇಳುವರು. ಕಾರಣವೇನೆಂದರೆ, ಸಮುದ್ರದಿಂದ ಬಂದ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ ತನ್ನ ಹೊರೆಯ ಬಹುಭಾಗವನ್ನು ಅಲ್ಲಿಯೇ ಇಳಿಸುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುವುದು ಹೀಗೆಯೇ. ಬೆಟ್ಟವನ್ನು ದಾಟಿದ ಗಾಳಿಯು ಮೈದಾನಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗುವುದು. ಬಿಸಿಯಾದ ಗಾಳಿಯಲ್ಲಿ ಮೋಡವು ಕರಗುವುದು. ನಾವಿರುವುದು ಆ ಬೆಟ್ಟದ ಮರೆಯಲ್ಲಿ. ಆದುದರಿಂದ ಆಷಾಢದ ಮೋಡವನ್ನು ನಂಬಿ ಹೊಲದ ತೇವವನ್ನು ಅಲಕ್ಷಿಸತಕ್ಕದ್ದಲ್ಲ. ಬಲವಾದ ಗಾಳಿಯು ನೆಲದ ತೇವವನ್ನು ಎಳೆದೊಯ್ಯುವುದರಿಂದ ಈ ಕಾಲದಲ್ಲಿ ಕುಂಟೆ ಹೊಡೆದು ನೆಲದ ಮೇಲ್ಪದರವನ್ನು ಸಡಿಲಿಸುವುದು ಬಹಳ ಅವಶ್ಯಕ.

(ಇ) ಮಖೆಯಿಂದ ಸ್ವಾತಿಯವರೆಗೆ. ಆಗಸ್ಟಿನ ಉತ್ತರಾರ್ಧದಿಂದ ಪಶ್ಚಿಮದ ಗಾಳಿಯ ಬಲವು ಕುಗ್ಗುವುದು. ಗಾಳಿಯಲ್ಲಿ ತೇವವಿರುವುದು, ಹಗಲಿನ ಬಿಸಿಲು ಮತ್ತೆ ಚುರುಕಾಗುವುದು, ಬಂಗಾಳಕೊಲ್ಲಿಯ ಕಡೆಯಿಂದಲೂ ಆವಿಯು ಬರುವುದು. ಇವೆಲ್ಲವೂ ಕೂಡಿ ಸಂಜೆ ಮತ್ತು ರಾತ್ರಿಯ ಹೊತ್ತಿನಲ್ಲಿ ಒಳ್ಳೆಯ ಮಳೆಗಳಾಗುವುವು. ವರ್ಷದಲ್ಲೆಲ್ಲ ಅತ್ಯಂತ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರು. ಅಕ್ಟೋಬರಿನಲ್ಲಿ ಹಿಂಗಾರು ತಲೆದೋರುವುದು. ಮಲೆನಾಡಿಗೆ ಆರ್ದ್ರೆ, ಪುನರ್ವಸುಗಳು ಹೇಗೋ ನಮಗೆ ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳು ಹಾಗೆ. ಮಖೆಯ ಮಳೆ ಬಂದಷ್ಟೂ ಒಳ್ಳೆಯದು, ಮನೆಯ ಮಗ ಉಂಡಷ್ಟೂ ಒಳ್ಳೆಯದು ಎಂದು ಹಿರಿಯರು ಹೇಳಿದುದು ಅನುಭವದ ಮಾತು. ರಾಗಿಯು ತೆನೆಗಟ್ಟುವುದೂ ಕೆರೆಗಳು ತುಂಬುವುದೂ ಈ ಮಳೆಗಳಿಂದಲೇ.

(ಈ) ಮಂಜಿನ ಕಾಲ. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳಿಂದ ಕೆಲವು ವೇಳೆ ಜಡಿಮಳೆ ಬರುವುದು. 2021ರ ನವೆಂಬರಿನ ಮಳೆಯಲ್ಲಿ ಕೊಯ್ಲಿಗೆ ಬಂದ ರಾಗಿಯು ಹೊಲದಲ್ಲಿಯೇ ನೆನೆದು ಮೊಳೆತು ಹೋದುದನ್ನು ಯಾರೂ ಮರೆತಿರಲಾರರು. ಡಿಸೆಂಬರ್, ಜನವರಿಗಳಲ್ಲಿ ಆಕಾಶವು ತಿಳಿಯಾಗುವುದು. ಮೋಡವು ಭೂಮಿಗೆ ಹೊದಿಸಿದ ಕಂಬಳಿಯಂತೆ. ಅದಿಲ್ಲದ ರಾತ್ರಿ ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ ನೆಲವು ತಣ್ಣಗಾಗುವುದು. 1884ನೇ ಇಸವಿ ಜನವರಿ 13ರಂದು ಬೆಂಗಳೂರಿನಲ್ಲಿ ಶಾಖವು 7.8 ಡಿಗ್ರಿಗೆ ಇಳಿದಿತ್ತು. ಹಿಂಗಾರಿನ ತೇವವು ನೆಲದಲ್ಲಿ ಉಳಿದಿದ್ದರೆ ಅದೇ ಬೆಳಗಿನ ಹೊತ್ತಿನಲ್ಲಿ ಇಬ್ಬನಿಯಾಗಿಯೂ ಮಂಜಾಗಿಯೂ ಕಾಣುವುದು. 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಬೆಳಗ್ಗೆ ವಿಮಾನಗಳು ತಡವಾಗುವುದಕ್ಕೂ, ಹೊಲದಲ್ಲಿ ಅವರೆಗೆ ಸೊಗಡು ಹತ್ತುವುದೆಂದು ಜನರು ಹೇಳುವುದಕ್ಕೂ ಕಾರಣ ಒಂದೇ ಮಂಜು.

5. ಜಮಾ ಎಷ್ಟು, ಖರ್ಚು ಎಷ್ಟು?

ಈ ನಾಲ್ಕು ಕಾಲಗಳ ಮಳೆಯನ್ನು ಕೂಡಿಸಿದರೆ ನಮ್ಮ ಸೀಮೆಗೆ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರು, ಎಂದರೆ 31 ಅಂಗುಲಗಳ ಮೇಲೆ, ಮಳೆಯಾಗುವುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು. ವರ್ಷದ ಲೆಕ್ಕದಲ್ಲಿ ಒಂದು ಎಕರೆಗೆ ಸುಮಾರು 32 ಲಕ್ಷ ಲೀಟರು. ಇದು ನಮ್ಮ ಜಮಾ.

ಖರ್ಚನ್ನು ನೋಡೋಣ. ನೀರು ಸದಾ ತೆರೆದಿದ್ದರೆ ನಮ್ಮ ಬಿಸಿಲೂ ಗಾಳಿಯೂ ಕೂಡಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರು ನೀರನ್ನು ಆವಿಮಾಡಬಲ್ಲುವು. ಎಂದರೆ ಆಕಾಶವು ಕೊಡುವುದರ ಹೆಚ್ಚು ಕಡಮೆ ಎರಡರಷ್ಟನ್ನು ಆಕಾಶವೇ ಕೇಳುವುದು. ಐದಡಿ ನೀರು ನಿಂತ ಕೆರೆಯು, ತೂಬನ್ನು ತೆಗೆಯದಿದ್ದರೂ, ಮಧ್ಯೆ ಮಳೆ ಬಾರದಿದ್ದರೆ ಒಂದು ವರ್ಷದೊಳಗಾಗಿ ಬಿಸಿಲಿನಿಂದಲೇ ಬತ್ತಬಹುದು. ನಮ್ಮದು ಅರೆಶುಷ್ಕ ವಾಯುಗುಣವೆಂದು ಹೇಳುವುದರ ಅರ್ಥವಿಷ್ಟೇ. ಮಾರ್ಚಿ, ಏಪ್ರಿಲ್‌ಗಳಲ್ಲಿ ಕೇಳಿಕೆ ಅತಿ ಹೆಚ್ಚು, ಕೊಡುವುದು ಅತಿ ಕಡಮೆ. ಸಾಧಾರಣ ವರ್ಷದಲ್ಲಿ ಆಗಸ್ಟಿನ ಮಧ್ಯದಿಂದ ಅಕ್ಟೋಬರಿನ ಕೊನೆಯವರೆಗೆ ಮಾತ್ರ ಜಮೆಯು ಖರ್ಚನ್ನು ಮೀರುವುದು. ಬಾಕಿ ಉಳಿಸಲು ನಮಗೆ ಸಿಕ್ಕುವುದು ಈ ಹತ್ತು ಹನ್ನೊಂದು ವಾರಗಳು ಮಾತ್ರ. ಹಿರಿಯರು ರಾಗಿಯನ್ನು ಮುಖ್ಯ ಬೆಳೆಯಾಗಿ ಮಾಡಿಕೊಂಡು, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಹಾಕಿ, ಪ್ರತಿ ತಗ್ಗಿನಲ್ಲಿಯೂ ಕೆರೆ ಕಟ್ಟಿದುದು ಈ ಲೆಕ್ಕವನ್ನು ಅನುಭವದಿಂದ ಅರಿತೇ ಸರಿ.

6. ನೆಲದೊಳಗಿನ ಬಾಕಿ

ಬಿದ್ದ ಮಳೆಯಲ್ಲಿ ಬಹುಭಾಗವು ಮಣ್ಣಿನಿಂದಲೂ ಬೆಳೆಯಿಂದಲೂ ಆವಿಯಾಗುವುದು. ಒಂದು ಭಾಗವು ಹರಿದುಹೋಗುವುದು. ಅತ್ಯಲ್ಪ ಭಾಗ ಮಾತ್ರ ಕೆಳಕ್ಕೆ ಇಂಗುವುದು. ನಮ್ಮ ನೆಲದ ಅಡಿಯಲ್ಲಿರುವುದು ಗಟ್ಟಿಯಾದ ಕಲ್ಲು. ಅದರ ಮೇಲಿನ ಶಿಥಿಲವಾದ ಪದರದಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುವುದು. ಇಂತಹ ನೆಲದಲ್ಲಿ ಇಂಗುವುದು ಮಳೆಯ ನೂರಕ್ಕೆ ಎಂಟರಿಂದ ಹನ್ನೊಂದು ಪಾಲೆಂದು ಅಂತರ್ಜಲದ ಗಣನೆಗಳಲ್ಲಿ ಹಿಡಿಯುವರು. ಹತ್ತು ಪಾಲೆಂದು ಇಟ್ಟುಕೊಂಡರೂ ಒಂದು ಎಕರೆಗೆ ವರ್ಷಕ್ಕೆ ಸುಮಾರು 3 ಲಕ್ಷ 20 ಸಾವಿರ ಲೀಟರು.

ಈಗ ಒಂದು ಕೊಳವೆ ಬಾವಿಯನ್ನು ನೋಡಿರಿ. ಅದು ಗಂಟೆಗೆ 9,000 ಲೀಟರು ಕೊಡುವುದಾಗಿಯೂ ದಿನಕ್ಕೆ ಆರು ಗಂಟೆ ಅದನ್ನು ನಡೆಸುವುದಾಗಿಯೂ ಭಾವಿಸೋಣ. ದಿನಕ್ಕೆ 54,000 ಲೀಟರಾಯಿತು. ಆರು ದಿನಗಳಲ್ಲಿ ಒಂದು ಎಕರೆಯ ಇಡೀ ವರ್ಷದ ಇಂಗುನೀರು ತೀರಿತು. ವರ್ಷಕ್ಕೆ ನೂರು ದಿನ ನಡೆಸಿದರೆ 54 ಲಕ್ಷ ಲೀಟರು. ಅದಕ್ಕೆ ಸುಮಾರು 17 ಎಕರೆಗಳ ಇಂಗುನೀರು ಬೇಕು. ಬಾವಿಯ ಯಜಮಾನನಿಗೆ ಇರುವುದು ಎರಡು ಮೂರು ಎಕರೆ ಮಾತ್ರವಾದರೆ ಉಳಿದ ನೀರು ಯಾರದು? ನೆರೆಯವನದು, ಇಲ್ಲವೆ ಹಿಂದಿನ ವರ್ಷಗಳಲ್ಲಿ ಕೂಡಿಬಿದ್ದ ಬಾಕಿ. ಭೂಮಿಯ ಮೇಲೆ ಬದುವಿದೆ; ಭೂಮಿಯ ಕೆಳಗೆ ಬದುವಿಲ್ಲ. ಕಪಿಲೆ, ಏತಗಳ ಕಾಲದಲ್ಲಿ ಎತ್ತಿನ ಶಕ್ತಿಯೇ ಖರ್ಚಿಗೆ ಮಿತಿಯಾಗಿತ್ತು. ಈಗ ಆ ಮಿತಿ ಹೋಗಿದೆ. ತೆರೆದ ಬಾವಿಗಳು ಒಣಗಿ, ಅನೇಕ ಊರುಗಳಲ್ಲಿ ಕೊಳವೆ ಬಾವಿಯು ಸಾವಿರ ಅಡಿಯನ್ನು ದಾಟಿದೆ. ಈ ನಾಲ್ಕು ತಾಲ್ಲೂಕುಗಳೂ ಇಂಗುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ತೆಗೆಯುತ್ತಿರುವ ಸ್ಥಳಗಳೆಂದು ಸರ್ಕಾರದ ಗಣನೆಯಲ್ಲಿ ಸೇರಿವೆ. ಇನ್ನೂ ಆಳಕ್ಕೆ ಕೊರೆಯುವುದು ಜಮೆಯನ್ನು ಹೆಚ್ಚಿಸಿದಂತಲ್ಲ. ಗಂಟಿನ ತಳವನ್ನು ತಡಕಿದಂತೆ.

7. ಅರ್ಕಾವತಿಯ ದೃಷ್ಟಾಂತ

ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಲು ಹಿಂದಿನ ಮೈಸೂರು ಸಂಸ್ಥಾನದವರು 1894ರಲ್ಲಿ ಹೆಸರಘಟ್ಟದ ಕೆರೆಯನ್ನು ಆಶ್ರಯಿಸಿದರು. ಅದು ಸಾಲದೆ ಹೋಗಲು ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರವನ್ನು ಕಟ್ಟಿ 1933ರಲ್ಲಿ ಪೂರೈಸಿದರು. ಎರಡೂ ಅರ್ಕಾವತಿಯ ನೀರು. ಕಾಲಕ್ರಮದಲ್ಲಿ ನದಿಯ ಹರಿವು ಕುಗ್ಗಿ, ಇವೆರಡೂ ನಗರದ ಆಧಾರವಾಗಿ ಉಳಿಯಲಿಲ್ಲ. ಮಳೆಯೇ ಕಡಮೆಯಾಯಿತೆಂದು ಜನರು ಭಾವಿಸಿದರು. ಆದರೆ ವಿದ್ವಾಂಸರು ಬಹುವರ್ಷಗಳ ಮಳೆಯ ಅಂಕಿಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಮಳೆಯ ಇಳಿತವು ಇದಕ್ಕೆ ಕಾರಣವಾಗಿ ತೋರುವುದಿಲ್ಲವೆಂದೂ, ಅಂತರ್ಜಲದ ಅತಿಬಳಕೆ, ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡಲಾದ ಕಟ್ಟೆಗಳು ಇವೇ ಹೆಚ್ಚು ಸಂಭವನೀಯವಾದ ಕಾರಣಗಳೆಂದೂ ತಿಳಿಸಿದರು. ಜಮಾ ಮೊದಲಿನಷ್ಟೇ ಇದ್ದು ಖರ್ಚಿನ ಬಾಬುಗಳು ಬದಲಾದುವು. ಹಿಂದೆ ಮಳೆಗಾಲ ಕಳೆದ ಮೇಲೂ ಹಳ್ಳದಲ್ಲಿ ಜಿನುಗುತ್ತಿದ್ದುದು ನೆಲದಲ್ಲಿ ತುಂಬಿ ಮಿಕ್ಕ ನೀರು. ನೆಲದೊಳಗಿನ ಮಟ್ಟವು ನೂರಾರು ಅಡಿ ಕೆಳಗಿಳಿದ ಮೇಲೆ ಹಳ್ಳಕ್ಕೆ ಒಸರುವುದು ನಿಂತಿತು.

ನೀಲಗಿರಿಯ ವಿಷಯದಲ್ಲಿ ಹೊಸಕೋಟೆಯಲ್ಲಿಯೇ ನಡೆದ ಅಳತೆಯೊಂದು ಗಮನಾರ್ಹವಾದುದು. 1997ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಮೂರು ಒಣ ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರು. ಆಳವಾದ ಮಣ್ಣಿನಲ್ಲಿ ಬೆಳೆದ ನೀಲಗಿರಿಯು ಬಳಸಿಕೊಂಡುದು ಸುಮಾರು 3,400 ಮಿಲಿಮೀಟರು. ಹೆಚ್ಚಿನದನ್ನು ಅದರ ಬೇರುಗಳು ವರ್ಷವರ್ಷವೂ ಆಳಕ್ಕಿಳಿದು ಹಿಂದಿನ ಬಾಕಿಯಿಂದ ತೆಗೆದುವು. ರಾಗಿಯ ಬೇರು ಇಷ್ಟು ಆಳಕ್ಕೆ ಇಳಿಯದು; ಅದರ ಕಾಲವೂ ನಾಲ್ಕು ತಿಂಗಳು ಮಾತ್ರ. 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರಗಳೆಲ್ಲವೂ ಕೆಟ್ಟುವೆಂದು ಇದರಿಂದ ತಿಳಿಯತಕ್ಕದ್ದಲ್ಲ. ಹೊಂಗೆ, ಬೇವು, ಹಲಸು, ಮಾವುಗಳು ನೆರಳನ್ನೂ ಸೊಪ್ಪನ್ನೂ ಕೊಟ್ಟು ಮಣ್ಣನ್ನು ಹಿಡಿದಿಡುವುವು. ಆದರೆ ನಾಲ್ಕು ಮರ ನೆಟ್ಟೊಡನೆ ಮೋಡವು ಊರಿನ ಮೇಲೆ ಬಂದು ನಿಲ್ಲುವುದೆಂದು ನಂಬುವುದು ಸರಿಯಲ್ಲ. ಮರದ ದೊಡ್ಡ ಉಪಕಾರವು ಬಿದ್ದ ಹನಿಯ ರಭಸವನ್ನು ತಡೆದು, ತರಗಿನಿಂದ ನೆಲವನ್ನು ಮುಚ್ಚಿ, ನೀರನ್ನು ಇಂಗಿಸುವುದರಲ್ಲಿದೆ.

8. ಹವೆಯ ಈಚಿನ ನಡತೆ

ಮಳೆಯು ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಹೊಸದಲ್ಲ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನರು ಮೃತಪಟ್ಟರು. ಆದರೆ ಈಗ ಭೂಮಿಯ ಒಟ್ಟು ಶಾಖವು ಹೆಚ್ಚುತ್ತಿರುವುದರಿಂದ ಇನ್ನೊಂದು ಕಾರಣವು ಸೇರಿದೆ. ಗಾಳಿಯ ಶಾಖವು ಒಂದು ಡಿಗ್ರಿ ಹೆಚ್ಚಿದರೆ ಅದು ಹೊರಬಲ್ಲ ಆವಿಯು ನೂರಕ್ಕೆ ಸುಮಾರು ಏಳು ಪಾಲು ಹೆಚ್ಚುವುದು. ಇದರಿಂದ ಎರಡು ಫಲಗಳು: ಮಳೆ ಬಂದಾಗ ಒಮ್ಮೆಗೆ ಸುರಿಯುವುದು, ಬಾರದಾಗ ನೆಲದ ತೇವವು ಬೇಗನೆ ಹೀರಲ್ಪಡುವುದು. 2022ರಲ್ಲಿ ಬೆಂಗಳೂರಿನ ಮಳೆಯು 2017ರ 1,696 ಮಿಲಿಮೀಟರಿನ ದಾಖಲೆಯನ್ನೂ ಮೀರಿ ಬಿದ್ದಿತು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟುವು. ಒಂದು ವರ್ಷ ಕೋಡಿ ಹರಿದ ನೀರನ್ನು ನಿಲ್ಲಿಸಿಕೊಳ್ಳದವನಿಗೆ ಮುಂದಿನ ವರ್ಷ ಕುಡಿಯುವ ನೀರಿಗೂ ತೊಂದರೆ. ಸರಾಸರಿ 800 ಮಿಲಿಮೀಟರು ಎಂಬ ಅಂಕಿಯನ್ನೇ ನಂಬಿ ಕೂರುವುದಕ್ಕಾಗುವುದಿಲ್ಲ. ಅದು ಬೀಳುವ ದಿನಗಳು ಎಷ್ಟೆಂಬುದೂ ಬೇಸಾಯಕ್ಕೆ ಅಷ್ಟೇ ಮುಖ್ಯ.

9. ಮಾಡತಕ್ಕ ಕೆಲಸಗಳು

ಹಿಡುವಳಿದಾರರು:

(1) ಕೊಯ್ಲಾದ ಮೇಲೆ ತೇವವಿರುವಾಗಲೇ ಮಾಗಿ ಉಳುಮೆ ಮಾಡಬೇಕು. ಉಳುಮೆಯೂ ಬಿತ್ತನೆಯೂ ಇಳಿಜಾರಿಗೆ ಅಡ್ಡಲಾಗಿರಬೇಕು. ಒಂದೊಂದು ಸಾಲೂ ಒಂದು ಸಣ್ಣ ಕಟ್ಟೆಯಾಗುವುದು.

(2) ಬದುಗಳನ್ನು ಏಪ್ರಿಲಿಗೆ ಮುಂಚೆ ಸರಿಪಡಿಸಬೇಕು. ಮೊದಲ ಗುಡುಗುಮಳೆಯ ರಭಸವೇ ಹೆಚ್ಚು ಮಣ್ಣನ್ನು ಕೊಚ್ಚುವುದು.

(3) ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿಹೊಂಡವನ್ನು ತೆಗೆಯಬೇಕು. ಹೂಬಿಡುವ ಕಾಲದಲ್ಲಿ ಮಳೆಯು ಎರಡು ವಾರ ತಡೆದರೆ ಅದರಿಂದ ಒಂದು ತಂಗು ನೀರು ಕೊಟ್ಟು ಬೆಳೆಯನ್ನು ಉಳಿಸಬಹುದು.

(4) ಕೊಳವೆ ಬಾವಿಯ ನೀರನ್ನು ಕಾಲುವೆಯಲ್ಲಿ ಹಾಯಿಸದೆ ಹನಿ ನೀರಾವರಿಯಿಂದ ಕೊಡಬೇಕು. ಬುಡಕ್ಕೆ ತರಗು, ಹುಲ್ಲು ಮುಚ್ಚಬೇಕು. ಬಾವಿಯ ಬಳಿ ಇಂಗುಗುಂಡಿಯನ್ನು ಮಾಡಿ ಮಳೆಯ ನೀರನ್ನು ಸೋಸಿ ಬಿಡಬೇಕು.

(5) ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 70,000 ಲೀಟರಿಗೂ ಹೆಚ್ಚು ಮಳೆ ಬೀಳುವುದು. ಅದನ್ನು ಚರಂಡಿಗೆ ಬಿಡದೆ ತೊಟ್ಟಿಗೆ ಹಿಡಿಯಬೇಕು.

ಗ್ರಾಮ ಪ್ರಮುಖರು:

(1) ಕೆರೆಯ ಜೀವವು ಅದರ ರಾಜಕಾಲುವೆಯಲ್ಲಿದೆ. ಏರಿಯನ್ನು ಎಷ್ಟು ಭದ್ರಪಡಿಸಿದರೂ ನೀರು ಬರುವ ದಾರಿ ಒತ್ತುವರಿಯಾಗಿದ್ದರೆ ಕೆರೆಯು ತುಂಬದು. ಪ್ರತಿ ವರ್ಷ ಮೇ ತಿಂಗಳಲ್ಲಿ ಗ್ರಾಮನಕ್ಷೆಯನ್ನು ಹಿಡಿದು ಕಾಲುವೆಯುದ್ದಕ್ಕೂ ನಡೆದು ನೋಡಬೇಕು. ಬಂಧುವಾಗಲಿ ಬಲಶಾಲಿಯಾಗಲಿ, ಒತ್ತಿದವರಿಗೆ ಒಂದೇ ಮಾತು ಹೇಳಬೇಕು.

(2) ಬೇಸಗೆಯಲ್ಲಿ ಹೂಳನ್ನು ತೆಗೆಸಬೇಕು. ಒಂದು ಎಕರೆಯಲ್ಲಿ ಒಂದಡಿ ಹೂಳನ್ನು ತೆಗೆದರೆ 12 ಲಕ್ಷ ಲೀಟರು ನೀರಿಗೆ ಸ್ಥಳವಾಗುವುದು. ಗೋಡು ಹೊಲಕ್ಕೆ ಗೊಬ್ಬರವೂ ಆಗುವುದು. ಆದರೆ ಹೂಳಿನ ನೆಪದಲ್ಲಿ ಮರಳನ್ನೂ ಗಟ್ಟಿನೆಲವನ್ನೂ ಬಗೆಯಲು ಬಿಡಬಾರದು.

(3) ನಮ್ಮ ಕೆರೆಗಳು ಸರಪಣಿಯಂತೆ ಒಂದರ ಕೆಳಗೊಂದಿವೆ. ಮೇಲಿನ ಊರಿನ ಕೋಡಿಯು ಕೆಳಗಿನ ಊರಿನ ಜಮಾ. ಕೋಡಿಯ ಮಟ್ಟವನ್ನು ಯಾರೂ ತಮ್ಮಿಚ್ಛೆಯಂತೆ ಏರಿಸತಕ್ಕದ್ದಲ್ಲ.

(4) ಜಮೀನು ಬಡಾವಣೆಯಾಗಿ ಮಾರ್ಪಡುವ ಕಡೆ ಮಳೆನೀರು ಇಂಗದೆ ಹರಿದುಹೋಗುವುದು. ಅಂತಹ ಬಡಾವಣೆಗಳಲ್ಲಿ ಇಂಗುಗುಂಡಿಗಳೂ ಕಾಲುವೆಗೆ ಬಿಟ್ಟ ಜಾಗವೂ ಇರುವುದನ್ನು ಪಂಚಾಯಿತಿಯು ಮುಂಚಿತವಾಗಿಯೇ ನೋಡಿಕೊಳ್ಳಬೇಕು.

(5) ಊರಿಗೊಂದು ಮಳೆಯ ಲೆಕ್ಕದ ಪುಸ್ತಕವಿರಬೇಕು. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವರು. ಅದರ ಅಂಕಿಗಳನ್ನು ಪಡೆಯಬಹುದು. ಅದಲ್ಲದೆ, ಮೇಲಿಂದ ಕೆಳಗಿನವರೆಗೆ ಒಂದೇ ಅಗಲವುಳ್ಳ ಡಬ್ಬಿಯನ್ನು ಬಯಲಿನಲ್ಲಿಟ್ಟು, ಪ್ರತಿದಿನವೂ ಬೆಳಗ್ಗೆ ಎಂಟೂವರೆ ಗಂಟೆಗೆ ಅಳತೆಪಟ್ಟಿಯಿಂದ ನೀರಿನ ಆಳವನ್ನು ಅಳೆದು ಬರೆದು, ನೀರನ್ನು ಚೆಲ್ಲಿ ಮತ್ತೆ ಇಡಬೇಕು. ಪಕ್ಕದ ಅಂಕಣದಲ್ಲಿ ತಿಂಗಳಿಗೊಮ್ಮೆ ಕೆರೆಯ ಮಟ್ಟವನ್ನೂ ಒಂದೆರಡು ಬಾವಿಗಳ ನೀರಿನ ಮಟ್ಟವನ್ನೂ ಬರೆಯಬೇಕು. ಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು.

10. ಸಾರಾಂಶ

ಮಳೆಯು ಸಮುದ್ರದಿಂದ ಬಂದು ಸಮುದ್ರಕ್ಕೆ ಹೋಗತಕ್ಕದ್ದು. ನಡುವೆ ಕೆಲವು ಕಾಲ ನಮ್ಮಲ್ಲಿ ತಂಗುವುದು. ಸಹ್ಯಾದ್ರಿಯ ಮರೆಯಲ್ಲಿರುವ ನಮಗೆ ಅದು ಮುಖ್ಯವಾಗಿ ಮಖೆಯಿಂದ ಸ್ವಾತಿಯವರೆಗೆ ದೊರೆಯುವುದು. ನಮ್ಮ ಬಿಸಿಲು ಕೇಳುವುದು ಮಳೆಯು ಕೊಡುವುದರ ಎರಡರಷ್ಟು. ಇಂಗುವುದು ಹತ್ತರಲ್ಲಿ ಒಂದು ಪಾಲು. ತೆಗೆಯುತ್ತಿರುವುದು ಅದಕ್ಕಿಂತ ಹೆಚ್ಚು. ಈ ಐದು ಮಾತುಗಳು ಊರಿನ ಪ್ರತಿ ಯಜಮಾನನಿಗೂ ಬಾಯಿಪಾಠವಾಗಿರಬೇಕು.

ಹೊಸ ಕೊಳವೆ ಬಾವಿಯನ್ನು ಕೊರೆಸಬೇಕೆಂದು ಯೋಚಿಸುವವರು, ಅದಕ್ಕಾಗಿ ಸಾಲ ಮಾಡುವುದಕ್ಕೆ ಮುಂಚೆ, ತಮ್ಮ ಎಕರೆಗಳನ್ನು ಎಣಿಸಿ ಮೇಲೆ ಹೇಳಿದ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. ಅದೇ ಹಣದಲ್ಲಿ ಹೊಲದ ಬದುಗಳನ್ನೂ ಒಂದು ಹೊಂಡವನ್ನೂ ಮಾಡಿಸಿದರೆ ಎಷ್ಟು ನೀರು ನಿಲ್ಲುವುದೆಂಬುದನ್ನೂ ಎಣಿಸಲಿ. ಗ್ರಾಮ ಪ್ರಮುಖರು ಈ ಕರಪತ್ರವನ್ನು ಸಭೆಯಲ್ಲಿ ಓದಿಸಿ, ಬರುವ ಭರಣಿ ಮಳೆಗೆ ಮುಂಚೆಯೇ ಕಾಲುವೆ ಮತ್ತು ತೂಬುಗಳ ಕೆಲಸವನ್ನು ಆರಂಭಿಸತಕ್ಕದ್ದು.